ನನ್ನ ದನಿ ತಗ್ಗಿಸುತ್ತಿದ್ದ ಮೈಕಿನವರು

ಮದ್ದೂರಿನ ಆ ಮೈಕಿನವರ ಎಡಗಿವಿ ತುಸು ಮುಂದಕ್ಕೆ ಬಾಗಿತ್ತು. ಅದನ್ನು ಹಾರ್ನಿನತ್ತ ಚಾಚಿ, ಬಲಗೈಯ ಎರಡು ಬೆರಳನ್ನು ದನಿ ಏರಿಸಿ ಇಳಿಸುವ ಪೆಟ್ಟಿಗೆಯ ತಿರುಪಿನ ಮೇಲಿಟ್ಟು ಕೂತರೆ ನನ್ನ ಹರಿಕಥೆ ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ. ಆ ಬೆರಳು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮೈಕು ನಮ್ಮ ಕಡೆಗೆ ಹೊಸದಾಗಿ ಬಂದ ಕಾಲ. ನನ್ನದು ದೊಡ್ಡ ದನಿ, ಅದರ ಜಂಬ ಬೇರೆ. ದ್ರೌಪದಿ ಕೃಷ್ಣನನ್ನು ಕೂಗುವ ಕಡೆ ತಾರಸ್ಥಾಯಿಗೆ ಏರಿದೆನೋ ಇಲ್ಲವೋ, ಇವರು ತಿರುಪು ಇಳಿಸಿಬಿಡುವರು. ಹಲಗೂರಿನಲ್ಲಿ ಒಮ್ಮೆ ಕಥೆ ನಿಲ್ಲಿಸಿಯೇ ಕೇಳಿದೆ: "ಏನಯ್ಯ, ನನ್ನ ಕತ್ತು ಹಿಸುಕೋದೇ ನಿನ್ನ ಕೆಲಸವೋ?"

"ಮೆಲ್ಲುಗ್ ಬಂದ್ರೆ ನಾನು ಎತ್ಕೊಡ್ತೀನಿ ದಾಸ್ರೇ. ಒಡ್ದೋಗಿ ಬಂದ್ರೆ ನಾನೇನ್ ಮಾಡ್ಲಿ?" ಎಂದರು, ಬೆರಳು ತೆಗೆಯದೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲೊಂದು ರಾಮೋತ್ಸವ, ಮಂಡ್ಯದಲ್ಲಿ. ಅವರನ್ನು ಪೆಟ್ಟಿಗೆಯ ಮುಂದಿನಿಂದ ಏಳಿಸದಿದ್ದರೆ ಹಾಡುವುದಿಲ್ಲ ಎಂದು ಹಟ ಹಿಡಿದೆ. ಸಮಿತಿಯವರು ತಮ್ಮಲ್ಲೊಬ್ಬರನ್ನು ಕೂರಿಸಿದರು. ಆತ ನಾನು ಹೇಳಿದಂತೆ ತಿರುಪನ್ನು ಪೂರ್ತಿ ಏರಿಸಿದ. ನಾನೂ ಏರಿದೆ. ಹಾರ್ನು ಬರ್ರೆಂದು ಒದರಿತು, ಒಳಗೆ ಅದುರಿ ದನಿ ಹೊರಡಿಸುವ ತೆಳುಹಾಳೆ ಹರಿದು ಸುಮ್ಮನಾಯಿತು.

ಅವರಿಗಿದ್ದದ್ದು ಅದೊಂದೇ ಹಾರ್ನು; ಆಗ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಬೈಯುತ್ತಾರೆಂದು ಕಾದೆ. ಅವರು "ಆಯ್ತು ಬುಡಿ, ಕತೆ ನಿಲ್ಲುಸ್ಬ್ಯಾಡಿ" ಎಂದು ಹೋಗಿ ಜನರ ಹಿಂದೆ ನಿಂತರು. ದನಿ ಅಲ್ಲಿಗೆ ಮುಟ್ಟದಿದ್ದರೆ ಕೈ ಎತ್ತುವರು, ನಾನು ಕಿರುಚತೊಡಗಿದರೆ ಇಳಿಸುವರು. ಹಾಗೆ ಬರಿಗಂಟಲಲ್ಲಿ ಕಥೆ ಮುಗಿಸಿದೆ. ತಪ್ಪು ನನ್ನದೇ ಆಗಿದ್ದರೂ ಆ ಕೈ ಪದೇ ಪದೇ ಇಳಿಯುವುದು ಕಂಡು ಸಿಟ್ಟೇ ಬರುತ್ತಿತ್ತು.

ಹಾರ್ನು ಸರಿಹೋಗಲು ಯುದ್ಧವೇ ಮುಗಿಯಬೇಕಾಯಿತು. ಅಲ್ಲಿಯವರೆಗೆ ಅವರು ಸೈಕಲ್ ರಿಪೇರಿ ಮಾಡಿಕೊಂಡಿದ್ದರು. ನಾನು ಕ್ಷಮೆ ಕೇಳಲಿಲ್ಲ. ಮತ್ತೆ ಕಥೆ, ಮತ್ತೆ ತಿರುಪು, ಮತ್ತೆ ಜಗಳ.

ನಲವತ್ತೇಳರ ಬೇಸಿಗೆಯಲ್ಲಿ ವಿಷಮಜ್ವರ ಬಂದು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಮದ್ದೂರಿಗೆ ಹೋದಾಗ ಅವರ ಹೆಂಡತಿಗೆ ಹೇಳಿದೆ: "ಅದೆಷ್ಟು ಜನರ ಸಭೇಲಿ ಹಾಗೆ ತಿರುಪಿನಿಂದ ಕೈ ತೆಗೀದೆ ಕೂತಿದ್ರೋ ತಾಯಿ, ಪಾಪ."

"ಎಲ್ರುದ್ರಲ್ಲೂ ಎಲ್ಲಿ ಕೂರೋರು ಸ್ವಾಮಿ? ಬ್ಯಾರೇವ್ರು ಮಾತಾಡಕ್ ನಿಂತ್ರೆ ಒಂದ್ಸಲ ತಿರುಗ್ಸಿಟ್ಟು ಬೀಡಿ ಸೇದಕ್ ಓಗ್ಬುಡೋರು. ನಿಮ್ ಕತೆ ದಿನ ಮಾತ್ರ ಏಳ್ತಿರ್ನಿಲ್ಲ. ಆ ದನಿ ಒಡ್ದಂಗೆ ಯಾರ್ಗೂ ಕೇಳುಸ್ಬಾರ್ದು ಅನ್ನೋರು."

ಕೈ ಮುಗಿದು ಬಂದು ಮಳವಳ್ಳಿಯ ಬಸ್ಸು ಹತ್ತಿದೆ. ಅಷ್ಟು ವರ್ಷಗಳಲ್ಲಿ ಅಂದೇ ಮೊದಲು ನಾನು ನನ್ನ ಮೇಲೆ ರೇಗಿಕೊಂಡದ್ದು.