ಎಸೆಯುವ ಕೈಗೆ ನಾನು ಕೊಟ್ಟ ರಜೆ

ನನ್ನ ಮೊಮ್ಮಗಳು ಬೇಸ್‌ಬಾಲ್ ಆಡುತ್ತಾಳೆ ಎಂದರೆ ಊರಿನಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ. "ಎಂತ, ಕ್ರಿಕೆಟಾ?" ಎಂದು ನನ್ನ ತಮ್ಮ ಫೋನಿನಲ್ಲಿ ಕೇಳಿದ. ಅದು ಬೇರೆ, ಇದು ಬೇರೆ ಮಾರಾಯ ಎಂದು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಹನ್ನೆರಡು ವರ್ಷದ ಹುಡುಗಿ ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಒಂದು ಕಾಲೆತ್ತಿ, ಚೆಂಡನ್ನು ನೆಲಕ್ಕೆ ತಾಗಿಸದೆ ಬ್ಯಾಟ್ ಹಿಡಿದವನ ಎದುರಿನಿಂದ ದಾಟಿಸುತ್ತಾಳೆ. ಆ ಕೆಲಸದವರನ್ನು ಪಿಚರ್ ಎನ್ನುತ್ತಾರೆ. ಅವಳು ಎಸೆಯದೆ ಆಟ ಮುಂದೆ ಹೋಗುವುದೇ ಇಲ್ಲ. ಇದನ್ನು ನಾನು ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ ಹೇಳಿದ್ದೇನೆ, ಗ್ರೋಸರಿಯ ಮಲಯಾಳಿಗೂ ಹೇಳಿದ್ದೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಡುಪಿ ಕಡೆಯ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಮೊದಲ ಟ್ರಿಪ್ಪಿಗೆ ಹೊರಟರೆ ಕಡೆಯ ಟ್ರಿಪ್ ಮುಗಿಸಿಯೇ ಮನೆ. ನನ್ನ ಮಕ್ಕಳನ್ನು ನಾನು ನೋಡಿದ್ದು ಹೆಚ್ಚಾಗಿ ಮಲಗಿರುವಾಗಲೇ. ಹಾಗಾಗಿ ಅಬುಧಾಬಿಗೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಮಗಳ ಮನೆಗೆ ಬರುವಾಗ, ಮೊಮ್ಮಗಳನ್ನಾದರೂ ಕಣ್ತುಂಬ ನೋಡಬೇಕೆಂದುಕೊಂಡಿದ್ದೆ. ಬಂದು ನೋಡಿದರೆ ಅವಳದ್ದೂ ನನ್ನ ಹಳೇ ಬಸ್ಸಿನ ಕಥೆಯೇ. ಬೆಳಿಗ್ಗೆ ಶಾಲೆ, ಸಂಜೆ ಗ್ರೌಂಡು, ಬಂದರೆ ಸ್ನಾನ, ನಿದ್ರೆ. ನನಗೆ ಸಿಗುತ್ತಿದ್ದದ್ದು ಕಾರು ಹತ್ತುವಾಗಿನ ಅವಳ ಬೆನ್ನು.

ಬಿಸಿಲು ಏರುವ ಮೊದಲು ಇಲ್ಲಿ ಆಟದ ಸೀಸನ್ ಮುಗಿಯುತ್ತದೆ. ಇನ್ನೇನು ಕೊನೆಯ ಮ್ಯಾಚು ಬಾಕಿ ಎನ್ನುವಾಗ ಅವಳ ಬಲ ಮೊಣಕೈ ನೋಯಲು ಶುರುವಾಯಿತು. ಖಾಲಿದಿಯಾ ಏರಿಯಾದ ಡಾಕ್ಟರರಿಗೆ ತೋರಿಸಿದರು. ಚೆಂಡು ಮಾತ್ರ ಮುಟ್ಟಬಾರದು, ಉಳಿದಂತೆ ಊಟ, ಬರಹ, ತಲೆ ಬಾಚುವುದು ಎಲ್ಲ ಆ ಕೈಯಲ್ಲೇ ಆಗಬೇಕು, ಬೆಳಿಗ್ಗೆ ಸಂಜೆ ಕೈ ಮಡಚಿ ಚಾಚುವ ಎಕ್ಸರ್‌ಸೈಜ್ ಬಿಡಬಾರದು, ಮೊದಮೊದಲು ನೋಯುತ್ತದೆ, ನೋಯಲಿ ಎಂದರಂತೆ. ಕೊನೆಯ ಮ್ಯಾಚಿಗೆ ಕೈ ನೆಟ್ಟಗಾದರೆ ಎಸೆಯಬಹುದು, ತೀರ್ಮಾನ ಕೋಚ್‌ನದ್ದು.

ಶಾಲೆಗೆ ರಜೆ ಇತ್ತು. ಮಗಳು ಅಳಿಯ ಇಬ್ಬರೂ ಆಫೀಸಿಗೆ ಹೋಗುವವರು. "ಅಪ್ಪ, ಅವಳ ಎಕ್ಸರ್‌ಸೈಜ್ ಒಂದು ನೀವು ನೋಡ್ಕೊಳ್ಳಿ. ನಾನು ಹೇಳಿದ್ರೆ ಕೇಳುದಿಲ್ಲ ಅವಳು," ಎಂದಳು ಮಗಳು.

"ಅದನ್ನು ನಂಗೆ ಬಿಡು," ಎಂದೆ.

ಮೊಣಕೈಗೆ ಪಟ್ಟಿ ಸುತ್ತಿಕೊಂಡು ಸೋಫಾದಲ್ಲಿ ಕುಳಿತ ಮಗುವನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಅದೇ ಹೊಟ್ಟೆಯಲ್ಲಿ ಇನ್ನೊಂದು ಕಡೆ ಹಬ್ಬವೂ ನಡೆಯುತ್ತಿತ್ತು. ಇಡೀ ದಿನ ಅವಳು ಮನೆಯಲ್ಲಿ. ಇಡೀ ದಿನ ನಾನು ಮತ್ತು ಅವಳು.

ಕೈ ನೋಯುವ ಮಗುವಿನ ಕೈಯಲ್ಲೇ ಅನ್ನ ಕಲಸಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಬಂಗುಡೆಯ ಮುಳ್ಳು ಬಿಡಿಸಿ, ಸಾರಿನಲ್ಲಿ ಅನ್ನ ಕಲಸಿ, ತುತ್ತು ಮಾಡಿ ಹಿಡಿದೆ.

"ಅಜ್ಜ, ಐ ಆಮ್ ಟ್ವೆಲ್ವ್."

"ಟ್ವೆಲ್ವ್ ಆದವರಿಗೆ ಬಾಯಿ ಇಲ್ವಾ? ಆ ಮಾಡು."

"ಯಾರಾದ್ರೂ ನೋಡಿದ್ರೆ?"

"ಯಾರು ನೋಡುದು? ಈ ಎ.ಸಿ.ಯಾ?"

ನಕ್ಕಳು. ನಕ್ಕಾಗ ಬಾಯಿ ತೆರೆಯಿತು, ತುತ್ತು ಒಳಗೆ ಹೋಯಿತು. ಆಮೇಲೆ ಅವಳೇ ಹಸಿವಾದಾಗ ಕೈ ಮಡಿಲಲ್ಲಿಟ್ಟು ಬಾಯಿ ತೆರೆದು ಕೂರತೊಡಗಿದಳು. ನಾನು ತುತ್ತಿಗೊಂದು ಬಸ್ಸಿನ ಸುದ್ದಿ ಹೇಳುತ್ತಿದ್ದೆ. ಜಡೆ ಹಾಕಲು ಕಲಿತೆ, ಅದು ಆಡು ಕಟ್ಟುವ ಹಗ್ಗದ ಹಾಗೆ ಬರುತ್ತಿತ್ತು. ನೀರಿನ ಲೋಟ, ಶೂ ಲೇಸು, ಬಾಗಿಲ ಚಿಲಕ, ಎಲ್ಲವೂ ನಾನೇ.

ಎಕ್ಸರ್‌ಸೈಜ್ ಹೊತ್ತಿಗೆ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ಕಣ್ಣಂಚಿನಲ್ಲಿ ನೀರು ಕಂಡರೆ ನನಗೆ ತಡೆಯುತ್ತಿರಲಿಲ್ಲ. "ಸಾಕು ಸಾಕು, ಇವತ್ತಿಗೆ ಖಲಾಸ್," ಎನ್ನುತ್ತಿದ್ದೆ. ಸಂಜೆ ಮಗಳು ಬಂದು "ಮಾಡಿದ್ಲಾ?" ಎಂದು ಕೇಳಿದರೆ, "ಮಾಡಿದ್ಲು" ಎನ್ನುತ್ತಿದ್ದೆ. ಮೊಮ್ಮಗಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು.

ದೇವರ ಮುಂದೆ ದೀಪ ಹಚ್ಚಿ, ಮಗುವಿನ ಕೈ ಬೇಗ ಗುಣವಾಗಲಿ ಎಂದು ಬೇಡುವಾಗ ಆ 'ಬೇಗ' ಎನ್ನುವ ಮಾತು ಮಾತ್ರ ನನ್ನ ಬಾಯಿಂದ ಮೆಲ್ಲಗೆ ಬರುತ್ತಿತ್ತು. ದೇವರಿಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸುತ್ತಿತ್ತು.

"ಶನಿವಾರ ನಾನು ಎಸೀಬಹುದಲ್ವಾ ಅಜ್ಜ?" ಎಂದು ಅವಳು ದಿನಾ ಕೇಳುವಳು. ವರ್ಷವಿಡೀ ಎಸೆದದ್ದೇ ಆ ಮ್ಯಾಚಿಗಾಗಿ.

"ಎಸೆಯದೆ ಎಂತ? ನೋವುಂಟಾ?"

"ನೋ ಪೇನ್."

ಅದು ನಿಜವೇ. ಕೆಲಸವೇ ಮಾಡದ ಕೈ ಯಾಕೆ ನೋಯುತ್ತದೆ?

ಮ್ಯಾಚಿಗೆ ಎರಡು ದಿನ ಮುಂಚೆ ಮಗಳು ನಮ್ಮನ್ನು ಗ್ರೌಂಡಿಗೆ ಕರೆದುಕೊಂಡು ಹೋದಳು. ಕೋಚ್ ಲಾಹೋರಿನ ಕಡೆಯವರು, ನನ್ನನ್ನು ನಾನಾಜಿ, ಅಂದರೆ ಅಜ್ಜ, ಎಂದು ಕರೆಯುತ್ತಾರೆ. ಅವರ ಉರ್ದುವಿಗೂ ನನ್ನ ಬಸ್‌ಸ್ಟ್ಯಾಂಡಿನ ಹಿಂದಿಗೂ ಹೇಗೋ ಹೊಂದುತ್ತದೆ. ಮಗಳು ಕಾರು ನಿಲ್ಲಿಸಲು ಹೋದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ನಾನಾಜಿ, ಕೊನೇ ಮ್ಯಾಚ್ ಬಂತು ಅಂದ್ರೆ ಈ ಮಕ್ಕಳು ನೋವಿದ್ರೂ ಇಲ್ಲ ಅಂತಾರೆ. ಅದಕ್ಕೇ ನಾನು ಮನೆಯವರನ್ನ ಕೇಳ್ತೇನೆ. ತನ್ನ ಪಾಡಿಗೆ ಇರುವಾಗ ನೀರಿನ ಲೋಟ ಯಾವ ಕೈಯಲ್ಲಿ ಎತ್ತುತ್ತಾಳೆ?"

ನಾನು ನೆನಪು ಮಾಡಿಕೊಂಡೆ. ಬಲಗೈಯಲ್ಲೂ ಅಲ್ಲ, ಎಡಗೈಯಲ್ಲೂ ಅಲ್ಲ. ಲೋಟ ಎತ್ತಿದ್ದೆಲ್ಲ ನನ್ನ ಕೈ. "ಅವಳನ್ನೇ ಕೇಳಿ ಸಾಬ್," ಎಂದೆ.

ಅವರು ಅವಳನ್ನು ಕರೆದು ಎರಡೂ ಕೈ ಮುಂದೆ ಚಾಚು ಎಂದರು. ಎಡಗೈ ನೆಟ್ಟಗೆ ಹೋಯಿತು. ಬಲಗೈ ಕುಡುಗೋಲಿನ ಹಾಗೆ ಬಾಗಿಯೇ ನಿಂತಿತು. ಅವಳೇ ಗಾಬರಿಯಾಗಿ ಅದನ್ನು ನೋಡಿದಳು.

ಎಕ್ಸರ್‌ಸೈಜ್ ಮಾಡಿದೆಯಾ ಎಂದು ಕೋಚ್ ಕೇಳಿದರು. ಅವಳು ಒಮ್ಮೆ ನನ್ನ ಮುಖ ನೋಡಿದಳು. "ಯೆಸ್ ಕೋಚ್. ಎವ್ರಿಡೇ. ಅಜ್ಜ ಮಾಡಿಸಿದ್ರು."

ಕೋಚ್‌ನ ಮುಖ ಇಳಿದುಹೋಯಿತು. "ದಿನಾ ಮಾಡಿಯೂ ಹೀಗಿದ್ರೆ ಒಳಗೆ ಏನೋ ದೊಡ್ಡದೇ ಆಗಿದೆ ನಾನಾಜಿ. ಸ್ಕ್ಯಾನ್ ಮಾಡಿಸಬೇಕು. ಬರೋ ವರ್ಷವೂ ಎಸೆಯೋದು ಕಷ್ಟ ಆಗಬಹುದು."

ಅವಳಿಗೂ ಅಷ್ಟು ಹಿಂದಿ ಬರುತ್ತದೆ. ತುಟಿ ಬಿಳಿಚಿಕೊಂಡಿತು. ಆದರೂ ಮಾತು ಬದಲಿಸಲಿಲ್ಲ. ನನ್ನನ್ನು ಬಿಟ್ಟುಕೊಡಬಾರದೆಂದು ತನ್ನ ಒಂದು ವರ್ಷವನ್ನೇ ಬಿಟ್ಟುಕೊಡಲು ನಿಂತಿದ್ದಳು.

"ಇಲ್ಲ ಸಾಬ್," ಎಂದೆ. "ಅವಳು ಮಾಡಲಿಲ್ಲ. ನಾನೇ ಬಿಡಲಿಲ್ಲ. ಊಟ ಕೂಡ ನಾನೇ ಬಾಯಿಗೆ ಹಾಕಿದ್ದು."

ಹತ್ತಿರದಲ್ಲೇ ಗ್ಲೌಸ್ ಹಾಕಿಕೊಳ್ಳುತ್ತಿದ್ದ ಇಬ್ಬರು ಮಕ್ಕಳು ಕಿಸಕ್ಕೆಂದರು. "ನಾನಾ ಫೀಡ್ಸ್ ಯೂ?" ಎಂದ ಒಬ್ಬ. ಅವಳ ಕಿವಿ ಕೆಂಪಾಯಿತು.

ಕೋಚ್ ನಗಲಿಲ್ಲ. ಮೊಣಕೈಯನ್ನು ಮೆಲ್ಲಗೆ ಒತ್ತಿ, ಮಡಚಿ, ಬಿಡಿಸಿ ನೋಡಿದರು. "ಬಿಗಿದಿದೆ, ಅಷ್ಟೇ ಅಂತ ಕಾಣುತ್ತೆ. ಡಾಕ್ಟರಿಗೆ ಒಮ್ಮೆ ತೋರಿಸಿ. ಕೆಲಸ ಕೊಟ್ಟರೆ ಸರಿಹೋಗುತ್ತೆ. ಶನಿವಾರಕ್ಕೆ ಮಾತ್ರ ಆಗಲ್ಲ ಬೇಟಾ."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಎಲ್ಲ ಹೇಳಿದೆ. ಅವಳು ರಸ್ತೆ ನೋಡುತ್ತಲೇ, "ಅಪ್ಪ, ನಿಮಗೆ ಹೇಳಿದ್ದು ಒಂದೇ ಒಂದು ಕೆಲ್ಸ ಅಲ್ವಾ," ಎಂದಳು.

"ಹೌದು."

ಹಿಂದಿನ ಸೀಟಿನಿಂದ ಮೊಮ್ಮಗಳು ಹೇಳಿದಳು: "ಅಜ್ಜನಿಗೆ ಬೈಬೇಡ ಅಮ್ಮ. ಐ ಓಪನ್ಡ್ ಮೈ ಮೌತ್."

ಬೈಗುಳವಾದರೆ ನನಗೆ ರೂಢಿ ಇದೆ, ಕಂಡಕ್ಟರ್ ಎಷ್ಟು ತಿಂದಿಲ್ಲ. ಇಂಥ ಮಾತಿನ ರೂಢಿ ಮಾತ್ರ ಇರಲಿಲ್ಲ.

ಶನಿವಾರ ಅವಳು ಯೂನಿಫಾರ್ಮ್ ಹಾಕಿಕೊಂಡೇ ಬೆಂಚಿನಲ್ಲಿ ಕೂತಳು. ಅವಳ ಜಾಗದಲ್ಲಿ ಒಬ್ಬ ಹುಡುಗ ಎಸೆದ. ಪಾಪ, ಅವನ ಚೆಂಡು ಮತ್ತೆ ಮತ್ತೆ ಆಚೆಗೆ ಹೋಗುತ್ತಿತ್ತು. ಹಾಗೆ ಹೋದಾಗಲೆಲ್ಲ ಅವಳ ಹೆಗಲು ಒಂದು ಚೂರು ಅಲುಗುವುದು ನನಗೆ ಗ್ಯಾಲರಿಯಿಂದ ಕಾಣುತ್ತಿತ್ತು. ನಮ್ಮವರು ಸೋತರು. ಪಕ್ಕದಲ್ಲಿದ್ದ ಒಬ್ಬ ತಾಯಿ, ನಿಮ್ಮ ಹುಡುಗಿ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಹಿಂದಿಯಲ್ಲಿ ಹೇಳಿದರು. ಬೇರೆ ದಿನವಾಗಿದ್ದರೆ ಆ ಮಾತನ್ನು ನಾನು ಊರಿಗೆಲ್ಲ ಫೋನು ಮಾಡಿ ಹಂಚುತ್ತಿದ್ದೆ.

ಈಗ ಡಾಕ್ಟರರೂ ಬಿಗಿತವಷ್ಟೇ ಎಂದಿದ್ದಾರೆ. ಅವಳು ತಾನೇ ಅನ್ನ ಕಲಸಿ ಉಣ್ಣುತ್ತಾಳೆ, ಮುಳ್ಳು ತಾನೇ ಬಿಡಿಸುತ್ತಾಳೆ. ಅರ್ಧ ಅನ್ನ ಮೇಜಿನ ಮೇಲೆ. "ನೋಡ್ಬೇಡ ಅಜ್ಜ," ಎನ್ನುತ್ತಾಳೆ. ನಾನು ಗೋಡೆ ನೋಡುತ್ತೇನೆ. ಸೀಸನ್ ಮುಗಿದದ್ದರಿಂದ ಸಂಜೆಯೂ ಮನೆಯಲ್ಲೇ ಇರುತ್ತಾಳೆ. ನಾನು ಆಸೆಪಟ್ಟದ್ದು ಇದನ್ನೇ ಅಲ್ಲವೇ? ಶಾಲೆಯಿಂದ ಬಂದು ಶೂ ಕಳಚುವ ಸದ್ದು ಕೇಳಿದರೆ ಎದೆ ಹಿಗ್ಗುತ್ತದೆ. ಹಿಗ್ಗಿದ ಮರುಕ್ಷಣ, ಇದು ಯಾರ ಖರ್ಚಿನಲ್ಲಿ ಬಂದ ಹಿಗ್ಗು ಎಂದು ನೆನಪಾಗಿ ತಲೆ ತಗ್ಗುತ್ತದೆ. ಆದರೂ ಹಿಗ್ಗು ಪೂರ್ತಿ ಹೋಗುವುದಿಲ್ಲ, ಅದೇ ನನಗೆ ನಾಚಿಕೆ.

ನಿನ್ನೆ ಸಂಜೆ ಸೋಫಾದಲ್ಲಿ ಕೂತು ಕೈ ಚಾಚುತ್ತಿದ್ದಳು. ಮುಖ ಕಿವುಚಿತು, ಕಣ್ಣಲ್ಲಿ ನೀರು ನಿಂತಿತು. ಕೈ ನಿಲ್ಲಿಸಿ ನನ್ನನ್ನೇ ನೋಡುತ್ತ ಕುಳಿತಳು.

"ಇನ್ನೊಂದು," ಎಂದೆ.