ಭೀಮಶಾಗಳ ಪ್ರಿಂಟರ್

ಕಂಗ್ಟಿಯ ಕುರಿಗಾರ ಭೀಮಶಾನಿಗೆ ತನ್ನ ಹೆಸರಿನ ಮೇಲೆ ಮೊದಲ ಸಲ ಸಿಟ್ಟು ಬಂದದ್ದು ಒಂದು ಮದುವೆಯಲ್ಲಿ. ಪೆಂಡಾಲಿನ ಬಾಗಿಲಲ್ಲಿ ಯಾರೋ "ಭೀಮಶಾ" ಎಂದು ಕೂಗಿದಾಗ ಆರೇಳು ಜನ ಒಟ್ಟಿಗೆ ಎದ್ದು ನಿಂತರು. ಕೂಗಿದವರಿಗೆ ಬೇಕಾಗಿದ್ದವನು ಮಾತ್ರ ಬಂದೇ ಇರಲಿಲ್ಲ. ಎದ್ದವರು ಅಲ್ಲೇ ಪರಿಚಯ ಮಾಡಿಕೊಂಡು ಒಂದು ವಾಟ್ಸಾಪ್ ಗುಂಪು ಕಟ್ಟಿದರು. ಅದು ಬೆಳೆದು, ವರ್ಷಕ್ಕೊಮ್ಮೆ ಜಹೀರಾಬಾದಿನಲ್ಲಿ ಭೀಮಶಾಗಳ ಸಮ್ಮೇಳನವಾಯಿತು. ತಾಂಡೂರು, ಬಶೀರಾಬಾದ್, ಕೊಡಂಗಲ್ ಕಡೆಯಿಂದೆಲ್ಲ ಬರತೊಡಗಿದರು. ಅಧ್ಯಕ್ಷತೆ ಭೀಮಶಾ, ಸ್ವಾಗತ ಭೀಮಶಾ, ವಂದನಾರ್ಪಣೆ ಭೀಮಶಾ. ಪಗಾರ ಯಾರಿಗೂ ಇಲ್ಲ. ಕುರಿಗಳನ್ನು ಹೆಂಡತಿ ಗುಂಡಮ್ಮನಿಗೆ ಒಪ್ಪಿಸಿ ಎಲ್ಲ ಕೆಲಸಕ್ಕೂ ಓಡಾಡುವವನು ಕಂಗ್ಟಿಯ ಭೀಮಶಾ.

ಈ ಸಲ ಎಲ್ಲರ ಎದೆಗೂ ಬ್ಯಾಡ್ಜ್ ಬೇಕೆಂದು ಸಭೆ ತೀರ್ಮಾನಿಸಿತು. ಬ್ಯಾಡ್ಜಿಗೆ ಪ್ರಿಂಟರ್ ಬೇಕು. ಕೊಂಡು ತರುವ ಹೊಣೆ ಇವನದಾಯಿತು.

"ಬ್ಯಾಡ್ಜಿನ್ಯಾಗ ಏನ್ ಬರಸ್ತೀರಿ?" ಗುಂಡಮ್ಮ ಕೇಳಿದಳು.

"ಹೆಸರ."

"ಎಲ್ಲಾರ್ದೂ ಒಂದೇ ಹೆಸರ ಅದಲ್ಲ!"

"ಅದಕ್ಕೇ ಸಸಾರ. ಒಂದ್ ಸಲ ಟೈಪ್ ಮಾಡಿದ್ರ ಆತು."

ಜಹೀರಾಬಾದಿನ ಅಂಗಡಿಯಲ್ಲಿ ಶಿಲ್ಪಾರಾಣಿ ಎಂಬ ಹೆಂಗಸು ಪ್ರಿಂಟರುಗಳನ್ನು ತೋರಿಸಿದಳು. ಭೀಮಶಾ ಕುರಿ ಕೊಳ್ಳುವವನಂತೆ ಒಂದೊಂದರ ಬೆನ್ನ ಮೇಲೂ ಕೈಯಾಡಿಸಿದ. ಬಾಯಿ ತೆರೆಸಿ ಒಳಗೆ ಇಣುಕಿದ.

"ಇದು ಬಾಳ ಸಪ್ಪಳ ಮಾಡ್ತದೇನ್ರಿ?"

"ಮಾಡ್ತದ್ರಿ. ಎಲ್ಲಾ ಮಾಡ್ತಾವ."

"ಮಾಡ್ಲಿ ಬಿಡ್ರಿ. ಸುಮ್ಮ ಇರೋದಕ್ಕ ಏನರ ಜಡ್ಡ ಇರ್ತದ."

ಅವನು ಅಲ್ಲಿಂದ ತಾಂಡೂರಿನವರನ್ನು ಆಹ್ವಾನಿಸಲು ಹೋಗಬೇಕಿತ್ತು. ಕೊಂಡ ಪ್ರಿಂಟರಿನ ಪೆಟ್ಟಿಗೆಯನ್ನು ಸಾಮಾನಿನ ಟೆಂಪೋದಲ್ಲಿ ಕಂಗ್ಟಿಗೆ ಕಳಿಸಲು ಹೇಳಿದ. ಶಿಲ್ಪಾರಾಣಿ ಅದರ ಮೇಲೆ ದಪ್ಪ ಅಕ್ಷರದಲ್ಲಿ "ಭೀಮಶಾ, ಕುರಿಯವರು" ಎಂದು ಬರೆದಳು.

ಪೆಟ್ಟಿಗೆ ಕಂಗ್ಟಿ ಮುಟ್ಟಲಿಲ್ಲ. ನಾರಾಯಣಖೇಡದಲ್ಲಿ ಚಹಾ ಕುಡಿಯಲು ನಿಂತಿದ್ದ ಟೆಂಪೋದವನು ಸುಮ್ಮನೆ ಹೆಸರು ಕೂಗಿದ್ದ. ಕುರಿಗಳ ಔಷಧಿಗೆಂದು ಪೇಟೆಗೆ ಬಂದಿದ್ದ ಒಬ್ಬ ಮುದುಕ "ಓ" ಎಂದು, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದುಬಿಟ್ಟಿದ್ದ.

ಭೀಮಶಾ ಹುಡುಕಿಕೊಂಡು ಹೋದಾಗ ಮುದುಕ ಅಂಗಳದಲ್ಲಿ ಕೂತಿದ್ದ. ಪಕ್ಕದ ಹೊರಸಿನ ಮೇಲೆ ಪ್ರಿಂಟರ್ ಕಂಬಳಿ ಹೊದ್ದುಕೊಂಡಿತ್ತು.

"ಕಾಕಾ, ಅದು ನಂದು."

"ಪೆಟ್ಟಿಗಿ ಮ್ಯಾಲ ಏನ್ ಬರದಾರ ಓದು."

"ಭೀಮಶಾ, ಕುರಿಯವರು."

"ನನ್ನ ಹೆಸರೇನು?"

"ಭೀಮಶಾ."

"ನನ್ನ ಹಿತ್ತಲದಾಗ ಏನವ?"

"ಕುರಿ."

"ಮತ್ತ?"

ಭೀಮಶಾ ಕಿಸೆಯಿಂದ ಬಿಲ್ಲು ತೆಗೆದು ತೋರಿಸಿದ. ಮುದುಕ ಅದನ್ನು ಓದಿ ತನ್ನ ಕಿಸೆಗೆ ಹಾಕಿಕೊಂಡ. "ಬಿಲ್ಲೂ ನನ್ನ ಹೆಸರಲೇ ಅದ. ಬಾಳ ಛಲೋ ಮಂದಿ."

"ಇದರಲೇ ಏನ್ ಮಾಡ್ತೀರಿ ನೀವು?"

"ಏನೂ ಮಾಡಂಗಿಲ್ಲ. ಹುಟ್ಟಿದಾಗಿಂದ ನನ್ನ ಹೆಸರಿಗಿ ಯಾರೂ ಏನೂ ಕಳಿಸಿಲ್ಲ. ಇದು ಬಂದದ. ಇರ್ಲಿ."

ಕಂಗ್ಟಿಯ ಭೀಮಶಾ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ವಾದ ವಿವಾದ ನಡೆದು, ಮುದುಕನನ್ನೇ ಸಮ್ಮೇಳನದ ಪ್ರಿಂಟರ್ ವಿಭಾಗದ ಮುಖ್ಯಸ್ಥನನ್ನಾಗಿ ಆರಿಸಲಾಯಿತು. ಯಂತ್ರವನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಬರುವುದಾದರೆ ಸರಿ ಎಂದು ಆತ ಒಪ್ಪಿದ.

ಸಮ್ಮೇಳನದ ಬೆಳಿಗ್ಗೆ ಪ್ರಿಂಟರ್ ಗರಗರ ಸದ್ದು ಮಾಡುತ್ತ ಭೀಮಶಾ, ಭೀಮಶಾ, ಭೀಮಶಾ ಎಂದು ಬ್ಯಾಡ್ಜುಗಳನ್ನು ಉಗುಳಿತು. ಎಲ್ಲರೂ ಹೆಮ್ಮೆಯಿಂದ ಸಿಕ್ಕಿಸಿಕೊಂಡರು. ನಾಷ್ಟಾ ಬಡಿಸಲು ಬಂದಿದ್ದ ಗುಂಡಮ್ಮ ಗಂಡನನ್ನು ಕೂಗಿದ್ದೇ ತಡ, ಇಡೀ ಹಾಲ್ ಅಡಿಗೆಮನೆಯೊಳಗೆ ನುಗ್ಗಿತು. ಉಪ್ಪಿಟ್ಟಿನ ಪಾತ್ರೆ ಮಗುಚಿತು.

ಸೌಟು ಹಿಡಿದುಕೊಂಡೇ ಅವಳು ವೇದಿಕೆ ಹತ್ತಿದಳು. "ನಿಮ್ಮ ಹೆಸರ ತಗೀರಿ! ಹೆಂಡ್ರ ಹೆಸರ ಹಾಕ್ಕೋರಿ. ಅವರರ ಬ್ಯಾರೆ ಬ್ಯಾರೆ ಅದಾರ."

ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಆಡಿ ಗೊತ್ತಿಲ್ಲದ ಗಂಡಸರು ಒಬ್ಬೊಬ್ಬರಾಗಿ ಪ್ರಿಂಟರಿನ ಬಳಿ ಬಂದು ಪಿಸುಗುಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಗಿರಿಜಾಮೀಸೆಯ ಅಧ್ಯಕ್ಷರು ಭೂದೇವಿಯಾಗಿ ಕುರ್ಚಿಯಲ್ಲಿ ಕೂತರು. "ಈಗ ಶಾಮಲಾ ಅವರಿಂದ ಕುರಿಗಳ ಕಾಲುಬೇನೆ ಕುರಿತು ಉಪನ್ಯಾಸ" ಎಂದು ಘೋಷಣೆಯಾಯಿತು. ರುಮಾಲು ಸರಿಮಾಡಿಕೊಂಡು ಶಾಮಲಾ ಎದ್ದು ಬಂದರು. ಯಾರೂ ನಗಲಿಲ್ಲ.

ಕೊನೆಗೆ ಉಳಿದವನು ಮುದುಕ.

"ಕಾಕಾ, ನಿಮ್ಮ ಮನಿಯವರ ಹೆಸರು?"

"ಆಕಿ ಹೋಗಿ ಬಾಳ ದಿನ ಆತು."

"ಆದ್ರೂ ಹೇಳ್ರಿ."

ಮುದುಕ ಪ್ರಿಂಟರಿನ ಕಡೆ ನೋಡುತ್ತ ಹೇಳಿದ: "ಈಶಮ್ಮ."

ಬಿಸಿ ಬಿಸಿ ಹಾಳೆ ಹೊರಬಂತು. ಕಂಗ್ಟಿಯ ಭೀಮಶಾನೇ ಅದನ್ನು ಅವನ ಎದೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ. ಮಧ್ಯಾಹ್ನ ಪಂಕ್ತಿಯಿಂದ ಯಾರೋ ಕೂಗಿದರು: "ಈಶಮ್ಮ, ಇಕಡಿ ಬರ್ರಿ, ಹೋಳಿಗಿ ಆರ್ತಾವ!"

ಮುದುಕ ತಿರುಗಿ, ಬಾಗಿಲ ಕಡೆಗೊಮ್ಮೆ ನೋಡಿದ. ಆಮೇಲೆ "ಬಂದೆ" ಎಂದು ಹೋಗಿ ಕೂತ.

ಸಂಜೆ ಬಸ್ ನಿಲ್ದಾಣದಲ್ಲಿ ಅವನೇ ಪ್ರಿಂಟರನ್ನು ಭೀಮಶಾನ ಕೈಗಿಟ್ಟ. "ಒಯ್ಯಿ. ನನಗ ಸಾಕು."

"ಬ್ಯಾಡ್ಜ್ ವಾಪಸ್ ಕೊಡ್ಬೇಕ್ರಿ ಕಾಕಾ, ಪಿನ್ನು ಸಮಿತಿದವ."

ಮುದುಕ ಎದೆಯ ಮೇಲೆ ಅಂಗೈ ಮುಚ್ಚಿಕೊಂಡು ಬಸ್ಸು ಹತ್ತಿಬಿಟ್ಟ. ಭೀಮಶಾ ಬೆನ್ನಟ್ಟಲಿಲ್ಲ. ಪ್ರಿಂಟರನ್ನು ಹೆಗಲಿಗೇರಿಸಿ ಕಂಗ್ಟಿ ಬಸ್ಸಿನ ಕಡೆ ಹೊರಟ.

ಮುಂದೆ ನಡೆಯುತ್ತಿದ್ದ ಗುಂಡಮ್ಮ ಹಿಂತಿರುಗಿ ನೋಡಿ ಗದರಿದಳು: "ಸಾವಕಾಶ ನಡೀರಿ. ನನ್ನ ಹೆಸರ ಹಾಕ್ಕೊಂಡು ನಡು ರಸ್ತಾದಾಗ ಬೀಳಬ್ಯಾಡ್ರಿ."