ಕೊಲೆಗಾರನಿಗೊಂದು ಶಾಲು

ಸೇಡು ಒಳ್ಳೆಯದಲ್ಲ ಎಂದು ಕಮೆಂಟು ಹಾಕುವವರು ಈಗಲೇ ಬೇರೆ ಪೋಸ್ಟಿಗೆ ಹೋಗಿ. ನಾನು ಇದನ್ನು ಮಾಡಿದ್ದೇ ಸೇಡಿಗಾಗಿ.

ನವಿ ಮುಂಬಯಿಯಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅದರ ಚೈನೀಸ್ ಕೌಂಟರಿನಲ್ಲಿ ಮಣಿಪುರದವನೊಬ್ಬ ಬಹಳ ವರ್ಷಗಳಿಂದ ಅಡುಗೆ ಮಾಡುತ್ತಿದ್ದ. ನಾನು ರುಚಿ ನೋಡಿ ಉಪ್ಪು ಕಡಿಮೆ ಎಂದರೆ, "ದೀದಿ, ನಿಮ್ಮ ನಾಲಿಗೆ ಉಪ್ಪಿನಕಾಯಿ ತಿಂದು ಕೆಟ್ಟಿದೆ" ಎಂದು ಹಿಂದಿಯಲ್ಲಿ ಗದರುತ್ತಿದ್ದ.

ಮಧ್ಯಾಹ್ನ ಹೋಟೆಲು ಮುಚ್ಚಿದ ಮೇಲೆ ಉಗ್ರಾಣದ ಕೀ ಗೊಂಚಲನ್ನು ನಮ್ಮ ಫ್ಲ್ಯಾಟಿಗೆ ತಂದುಕೊಡುವುದೂ ಅವನ ಕೆಲಸವೇ. ಹಾಗೆ ಬರುತ್ತಿದ್ದಾಗ ಒಂದು ದಿನ, ನಮ್ಮದೇ ಬಿಲ್ಡಿಂಗಿನ, ನಮ್ಮ ಊರ ಕಡೆಯವನೇ ಆದ ದೊಡ್ಡ ಹೋಟೆಲ್ ಮಾಲೀಕನೊಬ್ಬ ಅವನ ಎದೆಗೆ ಗುಂಡು ಹೊಡೆದ. ಲೈಸೆನ್ಸ್ ಇರುವ ರಿವಾಲ್ವರ್. ಶಬ್ದ ಕೇಳಿ ನಾನು ಓಡಿ ಇಳಿದರೆ ಹುಡುಗ ಮೆಟ್ಟಿಲ ಮೇಲೆ ಬಿದ್ದಿದ್ದ. ಗೊಂಚಲು ಇನ್ನೂ ಬೆರಳಿಗೆ ಸಿಕ್ಕಿಕೊಂಡಿತ್ತು.

"ಕೈಯಲ್ಲಿ ಎಂತದೋ ಹೊಳೀತಿತ್ತು. ಮೈಮೇಲೆ ಬಂದ. ನಾನು ಜೀವ ಉಳಿಸ್ಕೊಂಡೆ," ಎಂದ ಮಾಲೀಕ.

"ದಿನಾ ನಿಮ್ಮ ಬಾಗಿಲೆದುರೇ ಹತ್ತಿ ಇಳೀತಿದ್ನಲ್ಲ, ಗುರ್ತ ಸಿಗ್ಲಿಲ್ವಾ?"

"ಆ ಚಪ್ಪಟೆ ಮೂಗಿನವ್ರೆಲ್ಲ ಒಂದೇ ಥರ ಕಾಣ್ತಾರೆ, ಮಾರಾಯ್ತಿ."

ಆತ್ಮರಕ್ಷಣೆ ಎಂಬ ಒಂದು ಪದದ ಮೇಲೆ ಪೊಲೀಸರು ಬಿಟ್ಟರು; ಅವನು ಸಂಜೆಗೇ ಮನೆಗೆ ಬಂದು ಚಹಾ ಕುಡಿದ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅವನಿಗೆ ಕೈಮುಗಿದ ಚಿತ್ರಗಳು ಬಂದವು.

ಸತ್ತವನ ತಂಗಿ ಸಾನಪಾಡಾದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಾಳೆ. ಪಾರ್ಲರಿನ ಹುಡುಗಿಯರು, ಡೊಂಬಿವಲಿ, ಕಲ್ಯಾಣಗಳಲ್ಲಿ ಬಾಡಿಗೆಗಿದ್ದ ಅವಳ ಊರಿನವರು ಎಲ್ಲ ಸೇರಿ ಪೊಲೀಸ್ ಸ್ಟೇಷನ್ನಿನ ಎದುರು ಕೂತರು. ನಾನು ನನ್ನ ಪೇಜಿನಲ್ಲಿ ಅಡುಗೆಮನೆ ಕಥೆ ಹೇಳುವುದನ್ನು ಬಿಟ್ಟು ಇದನ್ನೇ ಹೇಳಿದೆ. ಗಲಾಟೆ ಜೋರಾದ ಮೇಲೆ ಕೊಲೆ ಕೇಸು ದಾಖಲಾಗಿ ಅವನನ್ನು ಹಿಡಿದರು. ಆಮೇಲೆ ಟಿ.ವಿ. ಕ್ಯಾಮೆರಾಗಳು ಹೋದವು. ಜಾಮೀನು ಸಿಕ್ಕಿತು. ನವಿ ಮುಂಬಯಿಗೆ ಕಾಲಿಡಬಾರದು ಎಂಬ ಷರತ್ತಿತ್ತು. ಅವನು ಪಕ್ಕದ ಥಾಣೆ ನಗರದ ನೌಪಾಡಾದಲ್ಲಿ ತಮ್ಮನ ಮನೆ ಸೇರಿ ಆರಾಮವಾಗಿದ್ದ.

ತಂಗಿ ನನ್ನನ್ನು ಕೇಳಿದ್ದು ಒಂದೇ: "ದೀದಿ, ಅವನು ಹೀಗೇ ಹೊರಗೆ ತಿರುಗಾಡ್ತಾನಾ?"

ನಮ್ಮ ಊರವರ ಸಂಘಕ್ಕೆ ಸನ್ಮಾನದ ಹುಚ್ಚು. ವಾರ್ಷಿಕೋತ್ಸವದಲ್ಲಿ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಸನ್ಮಾನಪತ್ರ ಓದದಿದ್ದರೆ ಯಾರಿಗೂ ಊಟ ಸೇರುವುದಿಲ್ಲ. ನಿರೂಪಣೆ ಯಾವಾಗಲೂ ನನ್ನದೇ. ಕಾರ್ಯದರ್ಶಿ ಫೋನು ಮಾಡಿದ.

"ಅಕ್ಕ, ಈ ಸಲ ಅವ್ರಿಗೇ ಸನ್ಮಾನ. ಪಾಪ, ತುಂಬಾ ನೊಂದಿದ್ದಾರೆ. ಸಮಾಜ ಜೊತೆಗುಂಟು ಅಂತ ತೋರಿಸ್ಬೇಕಲ್ಲ?"

"ಅವ್ರು ನವಿ ಮುಂಬಯಿಗೆ ಬರುವ ಹಾಗಿಲ್ವಲ್ಲ?"

"ಹಿಂದಿನ ಬಾಗಿಲಿಂದ ಬಂದು ಶಾಲು ಹಾಕಿಸ್ಕೊಂಡು ಹೋಗ್ತಾರೆ. ನೀವು ವಿಡಿಯೋ ಗಿಡಿಯೋ ಮಾಡ್ಬೇಡಿ ಮತ್ತೆ."

"ಛೆ, ನಾನೆಂತಕ್ಕೆ ಮಾಡ್ಲಿ."

ನಮ್ಮವಳು ನಮ್ಮವರ ಮಾನವನ್ನು ವೇದಿಕೆಯ ಮೇಲೆ ಕಳೆಯಲಾರಳು ಎಂದು ಅವರು ನಂಬಿದರು. ಅವರ ತಪ್ಪು ಅದೇ.

ಅವನು ಬಂದ. ಶಾಲಿನ ಆಸೆ ಅಂಥದ್ದು. ನಾನು ಮೈಕಿನ ಸ್ಟ್ಯಾಂಡಿಗೆ ಮೊಬೈಲು ಒರಗಿಸಿ ಲೈವ್ ಹಾಕಿದೆ. ಪೇಟ ತೊಟ್ಟ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಸನ್ಮಾನಪತ್ರ ಓದುವಾಗ ನಮ್ಮಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಊರು, ತಾರೀಕು, ಸಭಾಂಗಣದ ಹೆಸರು ಎಲ್ಲವನ್ನೂ ಸ್ಪಷ್ಟವಾಗಿ ಹೇಳಿ, ಅದೇ ರಾಗದಲ್ಲಿ ಮುಂದುವರಿಸಿದೆ.

"ಕೋರ್ಟಿನ ಆಜ್ಞೆಯನ್ನು ಮುರಿದು ಇಂದು ನಮ್ಮ ನಡುವೆ ಆಸೀನರಾಗಿರುವ ಸಾಹಸಿಗಳೇ..."

ಸಾಹಸಿ ಎಂದದ್ದಕ್ಕೆ ಅಭ್ಯಾಸಬಲದಿಂದ ಚಪ್ಪಾಳೆ ಬಿತ್ತು.

"ಕೀ ಗೊಂಚಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅಡುಗೆಯವನನ್ನು ಮೂಗು ನೋಡಿ ಕೊಂದ ವೀರರೇ..."

ಚಪ್ಪಾಳೆ ನಿಂತಿತು. ಅವನು ಎದ್ದ. ಶಾಲು ಕುರ್ಚಿಗೆ ಸಿಕ್ಕಿಕೊಂಡಿತು, ಎಳೆದಾಡಿದ. ಕಾರ್ಯದರ್ಶಿ ಓಡಿಬಂದು ಮೈಕು ಕಿತ್ತುಕೊಂಡ.

"ಸಾಯಿಸಿಬಿಟ್ರಲ್ಲ ಅಕ್ಕ!"

"ಸಾಯಿಸಿದ್ದು ನಾನಲ್ಲ, ಅವ್ರು."

ಆ ವಿಡಿಯೋ ನೋಡಿ ಪಾರ್ಲರಿನ ಹುಡುಗಿಯರು ಮತ್ತೆ ರಸ್ತೆಗಿಳಿದರು. ಈ ಸಲ ಅವರೊಂದಿಗೆ ಮರಾಠಿ ಕಾಲೇಜು ಹುಡುಗರೂ ಇದ್ದರು. ತಂಗಿಯ ಪರ ವಕೀಲರು ವಿಡಿಯೋವನ್ನು ಕೋರ್ಟಿನ ಮುಂದಿಟ್ಟರು. ಜಾಮೀನು ರದ್ದಾಯಿತು. ಸಂಘ ನಮ್ಮನ್ನು ಹೊರಗೆ ಹಾಕಿತು.

"ಇನ್ನು ನಮ್ಮವ್ರ ಮದುವೆ ಆರ್ಡರ್ ಒಂದೂ ಬರುದಿಲ್ಲ," ಎಂದರು ನನ್ನ ಗಂಡ. ಆರ್ಡರ್ ಪುಸ್ತಕ ಮುಚ್ಚಿಟ್ಟು ಅವರೇ, "ಬರುದು ಬೇಡ" ಎಂದರು.

ಆ ಮಾಲೀಕನನ್ನು ಪೊಲೀಸ್ ವ್ಯಾನಿಗೆ ಹತ್ತಿಸುವಾಗ ತಂಗಿ, ನಾನು ಇಬ್ಬರೂ ಅಲ್ಲಿದ್ದೆವು. ಅವನು ಮುಖ ಮುಚ್ಚಲು ಕರವಸ್ತ್ರ ಎತ್ತಿದ. ಅವಳು ಎದುರಿಗೇ ಹೋಗಿ ನಿಂತು, ಬಾಗಿಲು ಮುಚ್ಚುವವರೆಗೂ ದಿಟ್ಟಿಸಿದಳು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಹೋದ ವಾರ ಮೀನು ಮಾರ್ಕೆಟಿನಲ್ಲಿ ಅವನ ಹೆಂಡತಿ ಸಿಕ್ಕಳು.

"ಈಗ ತೃಪ್ತಿ ಆಯ್ತಾ ನಿಮಗೆ?"

"ಇಲ್ಲ," ಎಂದೆ. "ಶಿಕ್ಷೆ ಇನ್ನೂ ಆಗ್ಲಿಲ್ಲ."